ಹೆರಿಗೆ ಆಸ್ಪತ್ರೆಯ ಉತ್ಪಾದಕತೆ, ಸರ್ಕಾರಿ ನಿಯಮ ಮತ್ತು ಸೂಲಗಿತ್ತಿ ಪರಂಪರೆ

ಆಸ್ಪತ್ರೆಯ ಉತ್ಪಾದಕತೆಯನ್ನು ಸಾಮಾನ್ಯವಾಗಿ ಅಲ್ಲಿನ ಹಾಸಿಗೆ, ಸಿಬ್ಬಂದಿ ಹಾಗೂ ವೆಚ್ಚಕ್ಕೆ ಪ್ರತಿಯಾಗಿ ಎಷ್ಟು ಮಂದಿಗೆ ಚಿಕಿತ್ಸೆ ದೊರೆಯಿತು ಎಂಬುದರಿಂದ ಅಳೆಯಲಾಗುತ್ತದೆ. ಈ ಅಳತೆ ಹೆರಿಗೆಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಸೂಲಗಿತ್ತಿ ಪರಂಪರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2005ರ ಜನನಿ ಸುರಕ್ಷಾ ಯೋಜನೆಯು ಬಡ ಗರ್ಭಿಣಿಯರಿಗೆ ಆಸ್ಪತ್ರೆಯ ಹೆರಿಗೆಗೆಂದು ನಗದು ನೆರವು ನೀಡಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ಊಟ, ವಾಹನ ಸೌಲಭ್ಯಗಳನ್ನು ಉಚಿತಗೊಳಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ 2005-06ರಲ್ಲಿ ಸುಮಾರು ಶೇ. 65ರಷ್ಟಿದ್ದ ಆಸ್ಪತ್ರೆ ಹೆರಿಗೆಗಳು 2019-21ರ ವೇಳೆಗೆ ಶೇ. 97ಕ್ಕೆ ಏರಿದವು. 2004-06ರಲ್ಲಿ ಲಕ್ಷ ಜೀವಂತ ಜನನಗಳಿಗೆ 213ರಷ್ಟಿದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಈ ಇಳಿಕೆಗೆ ಆಸ್ಪತ್ರೆಯೊಂದೇ ಕಾರಣವಲ್ಲವಾದರೂ ಅದರ ಪಾತ್ರ ಹಿರಿದು.

ಹೆರಿಗೆಗಳು ಹೆಚ್ಚಿದಂತೆ ಹಾಸಿಗೆಯನ್ನು ಬೇಗ ತೆರವುಗೊಳಿಸುವ ಒತ್ತಡವೂ ಹೆಚ್ಚುವುದು ಸಹಜ. ಇದಕ್ಕೆ ತಡೆಯೊಡ್ಡುವುದು, ಸಹಜ ಹೆರಿಗೆಯ ನಂತರವೂ ಬಾಣಂತಿಯನ್ನು ಕನಿಷ್ಠ 48 ಗಂಟೆ ಇರಿಸಿಕೊಳ್ಳಬೇಕೆಂಬ ಸರ್ಕಾರಿ ನಿಯಮ. ಲೆಕ್ಕದ ಪುಸ್ತಕದಲ್ಲಿ ಇದು ಉತ್ಪಾದಕತೆಯನ್ನು ತಗ್ಗಿಸಿದಂತೆ ಕಾಣುತ್ತದೆ. ಆದರೆ ಹೆರಿಗೆಯ ನಂತರದ ರಕ್ತಸ್ರಾವ, ನಂಜಿನ ಸೆಳವುಗಳ ಅಪಾಯ ಹೆಚ್ಚಾಗಿರುವುದು ಈ ಮೊದಲ ಎರಡು ದಿನಗಳಲ್ಲಿಯೇ.

ಜನಪದರು ಈ ಸತ್ಯವನ್ನು ಆಚರಣೆಯ ರೂಪದಲ್ಲಿ ಅರಿತಿದ್ದರು. ಸೂಲಗಿತ್ತಿಯ ಕೆಲಸ ಹೊಕ್ಕುಳಬಳ್ಳಿ ಕೊಯ್ದಲ್ಲಿಗೆ ಮುಗಿಯುತ್ತಿರಲಿಲ್ಲ. ಪುರುಡು ಕಳೆಯುವವರೆಗೂ ಆಕೆ ಮನೆಗೆ ಬಂದು ಬಾಣಂತಿಗೆ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದಳು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುತ್ತಿದ್ದಳು. ಅಧಿಕ ರಕ್ತಸ್ರಾವ, ಅಡ್ಡಗೂಸು ಮುಂತಾದ ಸಂದರ್ಭಗಳಲ್ಲಿ ಆಕೆಯ ಅರಿವಿಗೆ ಮಿತಿಯಿತ್ತೆಂಬುದನ್ನು ಮರೆಯಲಾಗದು. ಆದರೂ ಹೆರಿಗೆಯು ಒಂದು ಗಳಿಗೆಯಲ್ಲ, ಒಂದು ಅವಧಿ ಎಂಬ ಆಕೆಯ ತಿಳಿವಳಿಕೆ ಇಂದಿಗೂ ಸಲ್ಲುತ್ತದೆ.

2016ರಲ್ಲಿ ಕೇಂದ್ರ ಸರ್ಕಾರವು ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಯಲ್ಲಿ ಗರ್ಭಿಣಿಯ ಜೊತೆಗೆ ಸಂಗಾತಿಯೊಬ್ಬರಿರಲು ಅವಕಾಶ ನೀಡಿತು. 2018ರಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಸಂದಿತು. ಪ್ರಶಸ್ತಿಯು ವ್ಯಕ್ತಿಯನ್ನು ಗೌರವಿಸಿದರೆ, ಸಂಗಾತಿಯ ನಿಯಮವು ಸೂಲಗಿತ್ತಿಯ ಕಸುಬಿನ ಒಂದು ತಿರುಳಾದ 'ಜೊತೆಗಿರುವಿಕೆ'ಯನ್ನು ಆಸ್ಪತ್ರೆಯೊಳಕ್ಕೆ ತರುತ್ತದೆ.

ಆದುದರಿಂದ ಹೆರಿಗೆ ಆಸ್ಪತ್ರೆಯ ಫಲವನ್ನು ಹೆರಿಗೆಗಳ ಸಂಖ್ಯೆಯಿಂದಷ್ಟೇ ಅಳೆಯದೆ, ಆರೋಗ್ಯದಿಂದ ಮನೆ ಸೇರಿದ ತಾಯಿ–ಮಗುವಿನಿಂದ ಅಳೆಯುವುದು ಉಚಿತ. ಸೂಲಗಿತ್ತಿಯ ಅಳತೆಯೂ ಇದೇ ಆಗಿತ್ತು.