ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಗಿಡ!

ಜೂನ್ 5 ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿನಲ್ಲಿ ಒಂದು ಪದ್ಧತಿ ಇದೆ. ಬೆಳಗ್ಗೆ ಹತ್ತು ಗಂಟೆಯೊಳಗೆ ಫೋಟೋಗಳು ಬಂದು ಬೀಳುತ್ತವೆ. ಒಬ್ಬ ಸ್ಟಾರ್, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಗಿಡ, ಆ ಒಂದು ಗಿಡ ಹಿಡಿಯೋಕೆ ಸುತ್ತ ಹತ್ತು ಜನ. ನಾವು ಹಸಿರು ಗ್ರಾಫಿಕ್ಸ್ ಹಾಕಿ ‘ಪರಿಸರ ಪ್ರೇಮ ಮೆರೆದ ನಟ’ ಅಂತ ಓಡಿಸುತ್ತೇವೆ. ನಾನೂ ಓದಿದ್ದೇನೆ. ಒಂದಲ್ಲ, ಹತ್ತಾರು ಸಲ.

ಹಾಗೆ ಒಮ್ಮೆ ಶೂಟ್ ಮುಗಿಸಿ ಬಂದ ನಮ್ಮ ಕ್ಯಾಮೆರಾಮನ್ ಟೇಪ್ ಕೊಡುತ್ತಾ ಮೆಲ್ಲಗೆ ಹೇಳಿದ: “ಸಾರ್, ಗುಂಡಿ ಹೋದ ವರ್ಷದ್ದೇ. ಗಿಡ ಮಾತ್ರ ಹೊಸದು.” ಹೋದ ವರ್ಷದ ಗಿಡ ಏನಾಯ್ತು? ನೀರಿಲ್ಲದೆ ಒಣಗಿತ್ತು. ಆ ಸುದ್ದಿ ನಾವು ಮಾಡಲಿಲ್ಲ. ಗಿಡ ನೆಟ್ಟ ಸುದ್ದಿಯನ್ನು ಮಾತ್ರ ಎರಡನೇ ಸಲ ಮಾಡಿದೆವು.

ಅಂದಿನಿಂದ ನನಗೊಂದು ಹುಳ ಹೊಕ್ಕಿದೆ. ಈ ದೊಡ್ಡವರಲ್ಲಿ ನಿಜವಾಗಿ ಮಾಡುವವರು ಯಾರು? ಅವರನ್ನು ಗುರುತಿಸೋದು ಹೇಗೆ?

ಮೊದಲು ಒಬ್ಬ ಅಮೆರಿಕನ್ ನಟನ ಕಥೆ ಕೇಳಿ. ಹೆಸರು ಎಡ್ ಬೆಗ್ಲಿ ಜೂನಿಯರ್. 1970ರಲ್ಲಿ ಅಲ್ಲಿ ಮೊದಲ ‘ಭೂಮಿ ದಿನ’ ಆಚರಿಸಿದಾಗ ಈತನಿಗೆ ಇಪ್ಪತ್ತರ ಹರೆಯ. ಲಾಸ್ ಏಂಜಲೀಸ್‌ನ ಹೊಗೆ ಕುಡಿದು ಬೆಳೆದ ಹುಡುಗ. ಅದೇ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಾಡಿ ತಗೊಂಡ. ಗಾಡಿ ಅಂದ್ರೆ ಏನು, ಗಾಲ್ಫ್ ಮೈದಾನದಲ್ಲಿ ಓಡಾಡುತ್ತಲ್ಲ, ಹೆಚ್ಚುಕಮ್ಮಿ ಅಂಥದ್ದು! ಜನ ನಕ್ಕರು. ಈತ ಬಿಡಲಿಲ್ಲ. ಒಂದೇ ಏಟಿಗೆ ಮನೆ ಮೇಲೆ ಸೋಲಾರ್ ಹಾಕಿಸಿಕೊಂಡವನೂ ಅಲ್ಲ. ಕೈಗೆಟುಕುವ ಅಗ್ಗದ ಕೆಲಸ ಮೊದಲು ಮಾಡಿದ. ಸೈಕಲ್, ಬಸ್ಸು, ಮಾಂಸ ಬಿಟ್ಟ ಊಟ, ಕಡಿಮೆ ಕರೆಂಟು ತಿನ್ನುವ ಬಲ್ಬು. ಅದರಲ್ಲಿ ಉಳಿದ ದುಡ್ಡಿನಿಂದ ಮುಂದಿನ ಹೆಜ್ಜೆ. ಸೋಲಾರ್ ಫಲಕ ಬಂದಿದ್ದು ಎರಡು ದಶಕ ಕಳೆದ ಮೇಲೆ. ಆಸ್ಕರ್ ಸಮಾರಂಭಕ್ಕೆ ಉಳಿದವರು ಉದ್ದನೆಯ ಲಿಮೋಸಿನ್‌ನಲ್ಲಿ ಬಂದರೆ ಈತ ಸೈಕಲ್ ತುಳಿದು, ಮೆಟ್ರೋ ಹತ್ತಿ ಹೋದದ್ದುಂಟು. ಐವತ್ತು ವರ್ಷ! ಐವತ್ತು ವರ್ಷ ಯಾರೂ ನಾಟಕ ಆಡೋಕಾಗಲ್ಲ ವೀಕ್ಷಕರೇ. ಹಾಗಾಗಿ ನನ್ನ ಮೊದಲ ಅಳತೆಗೋಲು: ಕಾಲ.

ಎರಡನೇ ಅಳತೆಗೋಲು: ಏನು ಕಳೆದುಕೊಂಡರು? ಜೇನ್ ಫೋಂಡಾ ಎರಡು ಆಸ್ಕರ್ ಗೆದ್ದ ನಟಿ. 2019ರಲ್ಲಿ, 81ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾ ಬಿಟ್ಟು ವಾಷಿಂಗ್ಟನ್‌ಗೆ ಬಂದು ಶುಕ್ರವಾರಗಳಂದು ಸಂಸತ್ ಭವನದ ಮುಂದೆ ಪ್ರತಿಭಟನೆಗೆ ನಿಂತರು. ಕಲ್ಲಿದ್ದಲು, ತೈಲದ ಸಹವಾಸ ಬಿಡಿ ಅನ್ನೋದು ಬೇಡಿಕೆ. ಪೊಲೀಸರು ಮತ್ತೆ ಮತ್ತೆ ಬಂಧಿಸಿದರು. ಒಂದು ರಾತ್ರಿ ಲಾಕಪ್ಪಿನಲ್ಲೂ ಕಳೆದರು. ಆಗ ತೊಟ್ಟಿದ್ದ ಕೆಂಪು ಕೋಟೇ ತಾವು ಕೊಳ್ಳುವ ಕೊನೆಯ ಬಟ್ಟೆ ಅಂತ ಘೋಷಿಸಿದರು. ಮರುವರ್ಷ ಆಸ್ಕರ್ ವೇದಿಕೆಗೆ ಬಂದಿದ್ದು 2014ರಲ್ಲಿ ಒಮ್ಮೆ ಉಟ್ಟಿದ್ದ ಹಳೇ ಗೌನ್‌ನಲ್ಲಿ, ಕೈಯಲ್ಲಿ ಅದೇ ಕೆಂಪು ಕೋಟು. ನಮ್ಮಲ್ಲಿ ಮದುವೆಗೊಂದು ಸೀರೆ, ಆರತಕ್ಷತೆಗೊಂದು ಸೀರೆ. ಉಟ್ಟಿದ್ದನ್ನೇ ಉಟ್ಟರೆ ‘ಅಯ್ಯೋ, ಅದೇನಾ’ ಅನ್ನುವವರು ನಾವು, ಅಲ್ವಾ?

ಹಾಗಾದ್ರೆ ಲಿಯೊನಾರ್ಡೊ ಡಿಕಾಪ್ರಿಯೊ? 1998ರಲ್ಲೇ ಪರಿಸರಕ್ಕಾಗಿ ಪ್ರತಿಷ್ಠಾನ ಕಟ್ಟಿದ ಮನುಷ್ಯ. 2016ರಲ್ಲಿ ಆಸ್ಕರ್ ಕೈಯಲ್ಲಿ ಹಿಡಿದು ಮಾತಾಡಿದ್ದು ಹವಾಮಾನ ಬದಲಾವಣೆ ಬಗ್ಗೆ. ಆದರೆ ಅದೇ ವರ್ಷ ಪರಿಸರ ಪ್ರಶಸ್ತಿಯೊಂದನ್ನು ಸ್ವೀಕರಿಸಲು ಖಾಸಗಿ ಜೆಟ್‌ನಲ್ಲಿ ಸಾಗರ ದಾಟಿದ ಸುದ್ದಿ ಬಂದು ಟೀಕೆಗೆ ಗುರಿಯಾದರು. ಟೀಕೆ ಯಾಕೆ? ಸಾಮಾನ್ಯ ವಿಮಾನಕ್ಕೆ ಹೋಲಿಸಿದರೆ ಖಾಸಗಿ ಜೆಟ್ ತಲಾ ಪ್ರಯಾಣಿಕನಿಗೆ 5ರಿಂದ 14 ಪಟ್ಟು ಹೆಚ್ಚು ಮಾಲಿನ್ಯ ಉಗುಳುತ್ತದೆ ಅನ್ನುತ್ತೆ ಯುರೋಪಿನ ಒಂದು ಸಂಸ್ಥೆಯ ಲೆಕ್ಕ. ಹಾಗಂತ ಅವರ ಪ್ರತಿಷ್ಠಾನ ಕಾಡು, ಸಮುದ್ರ ಉಳಿಸೋಕೆ ಕೊಟ್ಟ ಹಣ ಸುಳ್ಳಾಗುತ್ತಾ? ಇಲ್ಲ. ಅವರನ್ನು ಕಪಟಿ ಅಂತ ತಳ್ಳಿಹಾಕೋಕೆ ನಾನು ತಯಾರಿಲ್ಲ. ಕೊಡುವುದು ಬೇರೆ, ಬಿಡುವುದು ಬೇರೆ. ಉಳ್ಳವರಿಗೆ ಮೊದಲನೆಯದು ಸಲೀಸು, ಎರಡನೆಯದು ಕಷ್ಟ. ಅಷ್ಟೇ ನನ್ನ ತಕರಾರು.

ದೂರ ಯಾಕೆ, ಪಕ್ಕದ ತಮಿಳುನಾಡಿಗೆ ಬನ್ನಿ. ಹಾಸ್ಯನಟ ವಿವೇಕ್. ಅಬ್ದುಲ್ ಕಲಾಂ ಅವರ ಮಾತಿನಿಂದ ಪ್ರೇರಿತರಾಗಿ ‘ಗ್ರೀನ್ ಕಲಾಂ’ ಹೆಸರಿನಲ್ಲಿ ಒಂದು ಕೋಟಿ ಗಿಡ ನೆಡುವ ಪಣ ತೊಟ್ಟರು. ಶಾಲೆ, ಕಾಲೇಜು ಸುತ್ತಿ ಮಕ್ಕಳ ಕೈಗೇ ಗಿಡ ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಲೆಕ್ಕ ಸುಮಾರು 33 ಲಕ್ಷಕ್ಕೆ ಬಂದು ನಿಂತಿತ್ತು. ಕೋಟಿ ಮುಟ್ಟಲಿಲ್ಲ. ಆದರೆ ಸತ್ತ ಮೇಲೆ ಅಭಿಮಾನಿಗಳು ಕಟೌಟ್‌ಗೆ ಹಾಲು ಸುರಿಯಲಿಲ್ಲ, ಗಿಡ ನೆಟ್ಟರು. ಇದು ಮೂರನೇ ಅಳತೆಗೋಲು: ಕ್ಯಾಮೆರಾ ಹೋದ ಮೇಲೆ, ಅವರೇ ಹೋದ ಮೇಲೆ, ಏನು ಉಳಿಯಿತು?

ಇನ್ನು ನಮ್ಮ ಕಿಶೋರ್. ‘ಕಾಂತಾರ’ದಲ್ಲಿ ಅರಣ್ಯಾಧಿಕಾರಿಯಾಗಿ ನೋಡಿದ್ದೀರಿ. ಪರದೆಯಾಚೆ ಬೆಂಗಳೂರಿನ ಅಂಚಿನ ಬನ್ನೇರುಘಟ್ಟದ ಕಡೆ ಕೃಷಿಕ. ವಿಷ ಹಾಕದೆ ಬೆಳೆ ತೆಗೆಯುವವರು. ಕುಟುಂಬ ನಡೆಸುವ ‘ಬಫೆಲೋ ಬ್ಯಾಕ್’ ಮೂಲಕ ಸಾವಯವ ಬೆಳೆ ಊಟದ ತಟ್ಟೆಗೆ ತಲುಪುತ್ತದೆ. ಬೆಂಗಳೂರಿನ ಸುತ್ತ ಎಕರೆ ಭೂಮಿ ಕಂಡ್ರೆ ಸೈಟು ಮಾಡಿ ಮಾರೋಣ ಅನ್ನುವ ಕಾಲದಲ್ಲಿ ಅಲ್ಲಿ ಬಿತ್ತುವುದೂ ಒಂದು ನಿಲುವು.

“ಇವರೆಲ್ಲ ದುಡ್ಡಿರೋರು ಸಾರ್, ನಮಗ್ಯಾಕೆ?” ಅಂತೀರಿ. ಅದಕ್ಕೇ ಹೇಳೋದು. 2019ರ ಲೆಕ್ಕದಲ್ಲಿ, ಜಗತ್ತಿನ ಅರ್ಧದಷ್ಟು ಇಂಗಾಲದ ಹೊಗೆಗೆ ಮೇಲ್ಸ್ತರದ ಶೇಕಡ 10ರಷ್ಟು ಶ್ರೀಮಂತರೇ ಕಾರಣ ಅಂತ ಆಕ್ಸ್‌ಫ್ಯಾಮ್ ವರದಿ ಹೇಳಿದೆ. ಹೊಗೆ ಅವರದು, ಬರ ಮಾತ್ರ ನಮ್ಮ ರೈತನದು. ದುಡ್ಡಿರೋರು ಬದಲಾದರೇನೇ ದೊಡ್ಡ ಬದಲಾವಣೆ. ಜೊತೆಗೆ ಅವರ ಹೇರ್‌ಸ್ಟೈಲ್ ಕಾಪಿ ಮಾಡುವ ಹುಡುಗರು ಸೈಕಲ್ಲನ್ನೂ ಕಾಪಿ ಮಾಡಬಹುದಲ್ಲ?

ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಆ ಗುಂಡಿಯ ಕಥೆಯಲ್ಲಿ ಗಿಡ ನೆಟ್ಟವರು ಫೋಟೋಗಾಗಿ ನೆಟ್ಟರು. ಆದರೆ ಫೋಟೋ ತೋರಿಸಿದ್ದು ಯಾರು? ನಾವು. ಅದನ್ನು ಮಾಡಿದರೆ ಸಾಕು, ನೀರು ಹಾಕಬೇಕಿಲ್ಲ ಅಂತ ಕಲಿಸಿಕೊಟ್ಟಿದ್ದೂ ನಾವೇ. ಈಗ ನಮ್ಮ ವರದಿಗಾರರಿಗೆ ಹೇಳಿದ್ದೇನೆ: ಗಿಡ ನೆಡುವ ಸುದ್ದಿ ತರುವ ಮೊದಲು ಹೋದ ವರ್ಷದ ಗಿಡ ತೋರಿಸಿ ಅಂತ ಕೇಳಿ.

ನೀವೂ ಕೇಳಿ. ಈ ಜೂನ್ 5ಕ್ಕೆ ನಿಮ್ಮ ನೆಚ್ಚಿನ ಸ್ಟಾರ್ ಫೋಟೋ ಹಾಕಿದರೆ ಲೈಕ್ ಒತ್ತಿ, ಬೇಡ ಅನ್ನಲ್ಲ. ಕೆಳಗೆ ಒಂದೇ ಒಂದು ಸಾಲು ಬರೆಯಿರಿ: ‘ಅಣ್ಣಾ, ಹೋದ ವರ್ಷದ್ದು ಈಗ ಎಷ್ಟೆತ್ತರ ಬೆಳೆದಿದೆ?’