ಹೊಲಕ್ಕೆ ಬಂದ ವಿದ್ಯೆ

ಒಂದು ದೇಶದ ಸಂಪತ್ತು ಎಂದೊಡನೆ ಚಿನ್ನದ ಗಣಿ, ಉಕ್ಕಿನ ಕಾರ್ಖಾನೆ, ದೊಡ್ಡ ಅಣೆಕಟ್ಟು ನಮ್ಮ ಕಣ್ಣ ಮುಂದೆ ಬರುತ್ತವೆ. ಇವೆಲ್ಲ ಸಂಪತ್ತೇ ಸರಿ. ಆದರೆ ಗಣಿ ಬರಿದಾಗುತ್ತದೆ, ಯಂತ್ರ ಸವೆಯುತ್ತದೆ. ಬಳಸಿದಷ್ಟೂ ಹೆಚ್ಚುವ ಸಂಪತ್ತು ತಿಳಿವಳಿಕೆಯೊಂದೇ. ಈ ಮಾತಿಗೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಯಾವುದಾದರೊಂದು ರಾಗಿ ಹೊಲದ ಬದುವಿನ ಮೇಲೆ ನಿಂತರೆ ಸಾಕು.

ಈ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಮಣ್ಣು ಕೆಂಪು, ಮಳೆಯನ್ನು ನೆಚ್ಚಿಯೇ ಬೇಸಾಯ. ಕೂರಿಗೆಯಿಂದ ರಾಗಿ ಬಿತ್ತಿ, ಅಕ್ಕಡಿ ಸಾಲಿನಲ್ಲಿ ಅವರೆ ತೊಗರಿಗಳನ್ನು ಹಾಕಿ, ಕುಂಟೆ ಹೊಡೆದು, ಚಳಿಗಾಲದ ವೇಳೆಗೆ ಕೊಯ್ದು ಮೆದೆ ಒಟ್ಟುವ ಕ್ರಮ ತಲೆತಲಾಂತರದಿಂದ ಬಂದದ್ದು. ರೈತನ ದುಡಿಮೆಯಲ್ಲಾಗಲಿ ಅನುಭವದಲ್ಲಾಗಲಿ ಕೊರತೆಯಿರಲಿಲ್ಲ. ಆದರೂ ಇಳುವರಿ ಅಲ್ಪವಾಗಿತ್ತು. ಬೆಂಕಿ ರೋಗ ತಗುಲಿದ ವರ್ಷವಂತೂ ತೆನೆ ಕಾಳುಗಟ್ಟದೆ ಜೊಳ್ಳಾಗುತ್ತಿತ್ತು. 1965–66ರ ಬರಗಾಲದಲ್ಲಿ ನಮ್ಮ ದೇಶವು ವಿದೇಶಗಳಿಂದ ಧಾನ್ಯ ತರಿಸಿಕೊಂಡು ಹಸಿವನ್ನು ನೀಗಿಕೊಳ್ಳಬೇಕಾಯಿತು. ದುಡಿಮೆಯ ಜೊತೆಗೆ ವಿದ್ಯೆಯೂ ಬೇಕೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಆ ವಿದ್ಯೆಯ ಬೀಜವನ್ನು ನಮ್ಮ ಹಿರಿಯರು ಬಹು ಹಿಂದೆಯೇ ಬಿತ್ತಿದ್ದರು. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಕೃಷಿಯ ಪ್ರಯೋಗಗಳಿಗಾಗಿ ಕೊಟ್ಟರು. 1913ರಲ್ಲಿ ಅಲ್ಲಿ ಕೃಷಿಶಾಲೆ ಆರಂಭವಾಯಿತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು.

ಮಂಡ್ಯದ ಬಳಿಯ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ರಾಗಿಯೊಂದಕ್ಕೇ ತಮ್ಮ ಬಾಳನ್ನು ಮುಡಿಪಾಗಿಟ್ಟರು. ರಾಗಿಯ ಹೂ ಸಾಸಿವೆ ಕಾಳಿನಷ್ಟು ಚಿಕ್ಕದು. ಅದು ತನ್ನ ಪರಾಗದಿಂದಲೇ ಫಲಗಟ್ಟುತ್ತದೆ. ಆದುದರಿಂದ ಎರಡು ತಳಿಗಳನ್ನು ಕೂಡಿಸುವುದು ಬಹಳ ಕಷ್ಟ. ಕೂಡಿಸಿದರೂ ಅಸಂಖ್ಯ ಸಸಿಗಳ ನಡುವೆ ಕೂಡುತಳಿಯ ಒಂದೆರಡು ಸಸಿಗಳನ್ನು ಕಣ್ಣಿಟ್ಟು ಗುರುತಿಸಬೇಕು. ಹಲವು ವರ್ಷ ಬೆಳೆದು ಪರೀಕ್ಷಿಸಬೇಕು. ಅವರು ತಾಳ್ಮೆಗೆಡದೆ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿದರು. ಹೀಗೆ 1970ರ ದಶಕದಲ್ಲಿ ಬಂದ ತಳಿಗಳಿಗೆ ಎರಡೂ ನಾಡುಗಳ ಹೆಸರನ್ನು ಬೆಸೆದು ‘ಇಂಡಾಫ್’ ಎಂದು ಕರೆದರು. ಇಂಡಾಫ್ ತಳಿಗಳನ್ನೇ ಆಧಾರವಾಗಿಟ್ಟುಕೊಂಡು, ಬೆಂಕಿ ರೋಗವನ್ನು ತಡೆದುಕೊಳ್ಳಬಲ್ಲ ಜಿ.ಪಿ.ಯು. 28 ಎಂಬ ತಳಿಯನ್ನು ಬೆಂಗಳೂರಿನ ವಿಜ್ಞಾನಿಗಳು 1990ರ ದಶಕದಲ್ಲಿ ನೀಡಿದರು. ಒಬ್ಬರು ಹಚ್ಚಿದ ದೀಪದಿಂದ ಮತ್ತೊಬ್ಬರು ದೀಪ ಹಚ್ಚಿಕೊಂಡಂತಾಯಿತು.

ಆದರೆ ಬೀಜವೊಂದೇ ಬೆಳೆಯನ್ನು ಹೆಚ್ಚಿಸಲಾರದು. ಮಳೆ ಬೇಗ ಬಂದರೆ ಯಾವ ತಳಿ, ತಡವಾದರೆ ಯಾವುದು, ಗೊಬ್ಬರವೆಷ್ಟು, ಸಾಲಿನ ಅಂತರವೆಷ್ಟು ಎಂಬುದನ್ನು ರೈತನು ಅರಿಯಬೇಕು. ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳು, ಕರಪತ್ರಗಳು, ಪ್ರಾತ್ಯಕ್ಷಿಕೆಗಳು ಈ ತಿಳಿವಳಿಕೆಯನ್ನು ಹಳ್ಳಿಗೆ ತಂದವು. ಕರಪತ್ರವನ್ನು ಮನೆಯಲ್ಲಿ ಓದಿ ಹೇಳಬಲ್ಲವರು ಶಾಲೆಗೆ ಹೋಗುವ ಮಕ್ಕಳೇ ಅಲ್ಲವೆ? 1950ರ ದಶಕಕ್ಕೆ ಹೋಲಿಸಿದರೆ ದೇಶದಲ್ಲಿ ರಾಗಿ ಬೆಳೆಯುವ ನೆಲ ಬಹುಮಟ್ಟಿಗೆ ಕುಗ್ಗಿದೆ. ಎಕರೆಯೊಂದರ ಇಳುವರಿ ಸುಮಾರು ಇಮ್ಮಡಿಯಾಗಿದೆ. ಆ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು.

ತಂತ್ರಜ್ಞಾನ ಬಂದು ತಿಳಿವಳಿಕೆ ಬಾರದಿದ್ದರೆ ಏನಾಗುತ್ತದೆ? ಅದಕ್ಕೂ ಉತ್ತರ ಇದೇ ಸೀಮೆಯಲ್ಲಿದೆ. ಹಿಂದೆ ತೆರೆದ ಬಾವಿಯಿಂದ ಕಪಿಲೆ ಹೊಡೆದು ನೀರೆತ್ತುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿಗಳು ನಳನಳಿಸಿದವು. ಮನೆಗಳಲ್ಲಿ ಹಣ ಓಡಾಡಿತು. ಆದರೆ ಇಲ್ಲಿ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ಮಳೆಯ ನೀರು ಮೆಲ್ಲಮೆಲ್ಲನೆ ಇಳಿದು ಸೇರುತ್ತದೆ. ಇಳಿದುದಕ್ಕಿಂತ ಹೆಚ್ಚಾಗಿ ಎತ್ತಿದರೆ ಬರಿದಾಗುವುದು ಸಹಜ. ಇಂದು ಸಾವಿರ ಅಡಿ ಕೊರೆದರೂ ನೀರು ಕಾಣದೆ, ಸಾಲ ಹೊತ್ತು ನಿಂತ ಕುಟುಂಬಗಳುಂಟು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ವರ್ಷದ ಬಹುಕಾಲ ಒಣಗಿರುತ್ತದೆ. ಕೊರೆಯುವ ಯಂತ್ರವನ್ನು ಹಣ ಕೊಟ್ಟು ತಂದೆವು. ನೀರಿನ ಲೆಕ್ಕವನ್ನು ಕಲಿಯಲಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಬಲ್ಲವರೇ ಅದನ್ನು ಮರೆತೆವು.

ರಾಗಿಯ ತೆನೆ ಮತ್ತು ಬತ್ತಿದ ಕೊಳವೆಬಾವಿ ಒಂದೇ ಹೊಲದಲ್ಲಿ ಅಕ್ಕಪಕ್ಕದಲ್ಲಿ ನಿಂತು ನಮಗೆ ಒಂದೇ ಪಾಠವನ್ನು ಹೇಳುತ್ತವೆ. ಯಂತ್ರವನ್ನು ಕೊಳ್ಳಬಹುದು, ವಿವೇಕವನ್ನು ಕಲಿತೇ ಪಡೆಯಬೇಕು. ಶಾಲೆಯಲ್ಲಿ ಕಲಿತ ಗಣಿತದಿಂದ ಊರಿನ ಮಳೆಯನ್ನು ಅಳೆಯಬಹುದು. ವಿಜ್ಞಾನದಿಂದ ಮಣ್ಣಿನ ಗುಣವನ್ನು ತಿಳಿಯಬಹುದು. ಒಡೆದ ಕೆರೆಯ ಏರಿಯನ್ನು ಏಕೆ ಕಟ್ಟಬೇಕೆಂಬುದನ್ನು ಹಿರಿಯರಿಗೆ ವಿವರಿಸಬಹುದು. ಓದಿದವನು ಹೊಲವನ್ನು ಮರೆಯದೆ, ಉಳುವವನು ಓದನ್ನು ದೂರವಿಡದೆ ಬಾಳಿದಾಗ ಮನೆ ಬೆಳೆಯುತ್ತದೆ, ಊರು ಬೆಳೆಯುತ್ತದೆ. ಊರುಗಳು ಬೆಳೆದರೆ ದೇಶ ತಾನಾಗಿಯೇ ಬೆಳೆಯುತ್ತದೆ.