ಶ್ರೀಮತಿಯ ಚಿತ್ರಪಟ

ಹಿಂದಿನ ಜನ್ಮದಲ್ಲಿ ಅಗಲಿದ ಪ್ರಿಯರಿಬ್ಬರು ಮರಳಿ ಹುಟ್ಟಿ, ಚಿತ್ರವೊಂದರ ಸುಳಿವನ್ನು ಹಿಡಿದು, ಕಪಟಿಗಳ ಜಾಲವನ್ನು ದಾಟಿ ಒಂದಾಗುವ ಕಥೆಗಳು ಇಂದು ಕಾದಂಬರಿಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಹೇರಳವಾಗಿವೆ. ಇದು ಪರದೇಶದಿಂದ ಬಂದ ಹೊಸ ಸರಕೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಇಂತಹ ಕಥೆಯೊಂದು ಸಾವಿರ ವರ್ಷಗಳಿಗೂ ಹಿಂದೆಯೇ ನಮ್ಮ ನಾಡಿನ ಪಂಡಿತರ ನಾಲಗೆಯ ಮೇಲೆ ನಲಿದಾಡಿತ್ತು. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಸಿಮೆಂಟಿನ ಕಾರ್ಖಾನೆಯನ್ನು ಆಶ್ರಯಿಸಿ ಬೆಳೆದ ಆದಿತ್ಯನಗರದ ನೆರೆಯಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡಕ್ಕೂ ಆ ಕಥೆಗೂ ಹತ್ತಿರದ ನಂಟಿದೆ.

ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನಿಗೆ ಪೂಜ್ಯರಾಗಿದ್ದ ಜಿನಸೇನಾಚಾರ್ಯರು ಈ ಕಥೆಯನ್ನು ಸಂಸ್ಕೃತದ ಆದಿಪುರಾಣದಲ್ಲಿ ಹೇಳಿದರು. ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು 941ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಮೂರನೆಯ ಕೃಷ್ಣನ ಕಾಲದಲ್ಲಿ ಮಾನ್ಯಖೇಟದಲ್ಲಿಯೇ ನೆಲೆಸಿದ್ದ ಪುಷ್ಪದಂತನು ಅಪಭ್ರಂಶ ಭಾಷೆಯ ತನ್ನ ಮಹಾಪುರಾಣದಲ್ಲಿ ಅದನ್ನೇ ಮತ್ತೊಮ್ಮೆ ಹಾಡಿದನು. ಒಂದೇ ಅರಸುಮನೆತನದ ನೆರಳಿನಲ್ಲಿ ಒಂದೇ ಪ್ರೇಮಕಥೆಯು ಮೂರು ಭಾಷೆಗಳಲ್ಲಿ ಮೈದಾಳಿತು.

ಕಥೆಯು ಹೀಗಿದೆ. ಲಲಿತಾಂಗನೆಂಬ ದೇವನಿಗೆ ಸ್ವಯಂಪ್ರಭೆಯೆಂಬ ಪ್ರಿಯೆ. ದೇವತೆಗಳ ಆಯುಷ್ಯಕ್ಕೂ ಎಲ್ಲೆಯುಂಟಷ್ಟೆ. ಒಂದು ದಿನ ಲಲಿತಾಂಗನ ಕೊರಳ ಮಾಲೆ ಬಾಡಿತು. ಅವನು ಸ್ವರ್ಗದಿಂದ ಜಾರಿ, ಭೂಮಿಯಲ್ಲಿ ವಜ್ರಜಂಘನೆಂಬ ರಾಜಕುಮಾರನಾಗಿ ಹುಟ್ಟಿದನು. ಅವಳೂ ಅಳಿದು, ಪುಂಡರೀಕಿಣಿಯ ಚಕ್ರವರ್ತಿ ವಜ್ರದಂತನ ಮಗಳು ಶ್ರೀಮತಿಯಾದಳು. ಒಮ್ಮೆ ಆಕಾಶದಲ್ಲಿ ಸಾಗುತ್ತಿದ್ದ ದೇವತೆಗಳನ್ನು ಕಂಡೊಡನೆ ಶ್ರೀಮತಿಗೆ ಪೂರ್ವಜನ್ಮದ ನೆನಪು ಮರುಕಳಿಸಿತು. ಮೂರ್ಛೆ ತಿಳಿದೆದ್ದವಳು ಮೌನವನ್ನು ಹಿಡಿದಳು. ತನ್ನ ಪ್ರಿಯನು ಎಲ್ಲಿ ಹುಟ್ಟಿದ್ದಾನೆ, ಯಾವ ಹೆಸರಿನಲ್ಲಿದ್ದಾನೆ, ಅವನಿಗೆ ತನ್ನ ನೆನಪಾದರೂ ಇದೆಯೇ ಎಂಬುದನ್ನು ಅವಳಿಗೆ ತಿಳಿಸುವವರಾರು?

ಕಡೆಗೆ ಅವಳು ಪಂಡಿತೆಯೆಂಬ ದಾದಿಯೊಡನೆ ಮನಬಿಚ್ಚಿ ನುಡಿದು, ಹಿಂದಿನ ಬಾಳನ್ನು ಒಂದು ಪಟದ ಮೇಲೆ ಬರೆದುಕೊಟ್ಟಳು. ಜಾಣೆಯಾದ ಪಂಡಿತೆ ಆ ಪಟವನ್ನು ಜಿನಾಲಯದ ಚಿತ್ರಶಾಲೆಯಲ್ಲಿ ಹರಡಿ, ಬಂದು ನೋಡುವವರ ಮುಖಭಾವವನ್ನು ಪರೀಕ್ಷಿಸುತ್ತ ಕುಳಿತಳು. ಇಂದಿನ ಪತ್ತೇದಾರಿ ಕಥೆಗಾರರು ಮೆಚ್ಚತಕ್ಕ ಉಪಾಯವಿದು. ರಾಜಕುಮಾರಿಯ ಆಸೆಯಿಂದ ಕಪಟಿಗಳಿಬ್ಬರು ಬಂದು, ತಮಗೂ ಜನ್ಮಾಂತರದ ನೆನಪು ಬಂದಿತೆಂದು ನಟಿಸಿದರೆಂದು ಜಿನಸೇನರು ಹೇಳುತ್ತಾರೆ. ಪಂಡಿತೆಯ ಪ್ರಶ್ನೆಗಳ ಮುಂದೆ ಅವರ ಬಣ್ಣ ಬಯಲಾಯಿತು. ಆಮೇಲೆ ಬಂದ ವಜ್ರಜಂಘನು ಪಟವನ್ನು ನೋಡನೋಡುತ್ತಲೇ ಮೈಮರೆತನು. ಎಚ್ಚೆತ್ತ ಬಳಿಕ ಅವನು ಪಟದಲ್ಲಿರುವುದನ್ನು ಗುರುತಿಸಿದ್ದಲ್ಲದೆ, ಪಟದಲ್ಲಿ ಇಲ್ಲದುದನ್ನೂ ಹೇಳಿದನು. ಅವರಿಬ್ಬರಿಗೆ ಮಾತ್ರ ತಿಳಿದಿದ್ದ ಪ್ರಣಯಕಲಹದ ಪ್ರಸಂಗಗಳನ್ನು ಇಲ್ಲಿ ಏಕೆ ಬರೆದಿಲ್ಲವೆಂದು ಕೇಳಿದನು. ಬರೆದುದನ್ನು ನೋಡಿ ಕಥೆ ಕಟ್ಟುವುದು ಯಾರಿಗಾದರೂ ಸಾಧ್ಯ; ಬರೆಯದೆ ಬಿಟ್ಟುದನ್ನು ಬಲ್ಲವನೇ ನಿಜವಾಗಿ ನೆನೆದವನು.

ಅವರಿಗೆ ವಿವಾಹವಾಯಿತು. ಆದರೆ ನಮ್ಮ ಕವಿಗಳು ಕಥೆಯನ್ನು ಅಲ್ಲಿಗೇ ಮುಗಿಸುವವರಲ್ಲ. ಬಹುಕಾಲ ಸುಖವಾಗಿ ಬಾಳಿದ ದಂಪತಿಗಳು ಒಂದು ರಾತ್ರಿ ಶಯ್ಯಾಗೃಹದಲ್ಲಿ ಮಲಗಿರಲು, ಗವಾಕ್ಷಿಗಳು ಮುಚ್ಚಿದ್ದುದರಿಂದ ಧೂಪದ ಹೊಗೆಯು ಒಳಗೇ ತುಂಬಿತು. ಉಸಿರುಕಟ್ಟಿ ಇಬ್ಬರೂ ಒಟ್ಟಿಗೇ ಪ್ರಾಣಬಿಟ್ಟರು. ಸುಖಕ್ಕೆಂದು ಹಾಕಿದ ಹೊಗೆಯೇ ಸಾವಾಯಿತು. ಆ ಬಳಿಕ ಅನೇಕ ಜನ್ಮಗಳನ್ನು ದಾಟಿ, ವಜ್ರಜಂಘನ ಜೀವವು ಮೊದಲ ತೀರ್ಥಂಕರನಾದ ವೃಷಭನಾಥನಾಗಿಯೂ, ಶ್ರೀಮತಿಯ ಜೀವವು ಹಸ್ತಿನಾಪುರದ ಶ್ರೇಯಾಂಸನಾಗಿಯೂ ಜನಿಸಿದುವು.

ವೃಷಭನಾಥನು ಮುನಿಯಾಗಿ ದೀರ್ಘಕಾಲ ಉಪವಾಸವಿದ್ದು ಭಿಕ್ಷೆಗೆ ಹೊರಟಾಗ, ಮುನಿಗೆ ಏನನ್ನು ನೀಡಬೇಕೆಂದು ಜನರಿಗೆ ತಿಳಿಯದು. ರತ್ನಗಳನ್ನೂ ಆನೆಕುದುರೆಗಳನ್ನೂ ತಂದೊಪ್ಪಿಸಿದರು. ಶ್ರೇಯಾಂಸನಿಗಾದರೋ ಅವನನ್ನು ಕಂಡೊಡನೆ ಹಿಂದಿನ ಜನ್ಮ ನೆನಪಾಯಿತು. ತಾವಿಬ್ಬರೂ ದಂಪತಿಗಳಾಗಿದ್ದಾಗ ಚಾರಣಮುನಿಗಳಿಗೆ ಆಹಾರವಿತ್ತ ಬಗೆಯನ್ನು ನೆನೆದು, ಅವನು ಕಬ್ಬಿನ ಹಾಲನ್ನು ನೀಡಿದನು. ಅಕ್ಷಯತೃತೀಯೆಯಂದು ಜೈನರು ಇಂದಿಗೂ ಸ್ಮರಿಸುವುದು ಈ ದಾನವನ್ನೇ. ಒಂದು ಕಾಲಕ್ಕೆ ಪ್ರಿಯನನ್ನು ಹುಡುಕಲು ನೆರವಾದ ನೆನಪು, ಕೊನೆಗೆ ಹಸಿದವನಿಗೆ ಉಣಿಸಲು ನೆರವಾಯಿತು. ಈ ಕಥೆಯ ತಿರುಳೆಲ್ಲ ಇಲ್ಲಿದೆ.

ಇನ್ನು, ಈ ಕಥೆ ಬೆಳೆದ ನಗರದ ಗತಿ ಏನಾಯಿತು? 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಇಂದು ಅಲ್ಲಿ ಕೋಟೆಯ ಅವಶೇಷಗಳೂ ನೇಮಿನಾಥ ಬಸದಿಯೂ ಇವೆ; ಆ ವೈಭವದ ಕಾಲದ ಚಿತ್ರಪಟ ಒಂದಾದರೂ ಇಲ್ಲ. ರಾಷ್ಟ್ರಕೂಟರ ಕಾಲದ ಬಣ್ಣವನ್ನು ನೋಡಬೇಕಾದರೆ ಎಲ್ಲೋರದ ಜೈನ ಗುಹೆಗಳ ಚಾವಣಿಗಳನ್ನು ನೋಡಬೇಕು. ಗ್ರಂಥಗಳ ಪಾಡೂ ಅಷ್ಟೆ. ಕವಿರಾಜಮಾರ್ಗವು ಹೆಸರಿಸುವ ವಿಮಲೋದಯ, ನಾಗಾರ್ಜುನ, ಜಯಬಂಧು ಮೊದಲಾದವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಪೊನ್ನನ ಭುವನೈಕರಾಮಾಭ್ಯುದಯವೂ ಕಳೆದುಹೋಗಿದೆ.

ಹಾಗಾದರೆ ಉಳಿದುದು ಹೇಗೆ ಉಳಿಯಿತು? 837ರಲ್ಲಿ ಜಿನಸೇನರು ಪೂರ್ಣಗೊಳಿಸಿದ ಜಯಧವಲ ಟೀಕೆಯನ್ನು ನೋಡಿರಿ. ಮಾನ್ಯಖೇಟವು ಅಳಿದರೂ, ದೂರದ ಮೂಡುಬಿದಿರೆಯ ಬಸದಿಯಲ್ಲಿ ತಾಳೆಯೋಲೆಯ ಮೇಲೆ ಅದು ಶತಮಾನಗಳ ಕಾಲ ಬದುಕಿತ್ತು. ಅಲ್ಲಿಯ ಧವಲ ಗ್ರಂಥಗಳ ಓಲೆಗಳಲ್ಲಿ ಹೊಯ್ಸಳರ ಕಾಲದ ವರ್ಣಚಿತ್ರಗಳೂ ಇವೆ. ಯಾರೋ ಬರೆಯಿಸಿದರು, ಯಾರೋ ನಕಲು ಮಾಡಿದರು, ಯಾರೋ ಗೆದ್ದಲು ಹತ್ತದಂತೆ ಕಾಪಾಡಿದರು. ಅಕ್ಷರಕ್ಕೂ ಚಿತ್ರಕ್ಕೂ ಪುನರ್ಜನ್ಮವಾಗುವುದು ಇಂತಹವರ ಕೈಯಿಂದ.

ಆದುದರಿಂದ ಗೃಹಸ್ಥರಲ್ಲಿ ಒಂದು ವಿನಂತಿ. ಅಟ್ಟದ ಮೇಲಿರುವ ಓಲೆಗರಿಯ ಕಟ್ಟನ್ನೂ, ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆಯ ಪಟವನ್ನೂ ಕಸವೆಂದು ಹೊಳೆಗೆ ಬಿಡಬೇಡಿರಿ. ಓದಬಲ್ಲವರಿಗೆ ತೋರಿಸಿರಿ, ಕಾಪಾಡಬಲ್ಲ ವಿದ್ಯಾಸಂಸ್ಥೆಗೆ ಒಪ್ಪಿಸಿರಿ. ಮಕ್ಕಳನ್ನು ಮಳಖೇಡಕ್ಕೆ ಕರೆದೊಯ್ದಾಗ, ಅಲ್ಲಿ ಇರುವುದರ ಜೊತೆಗೆ ಇಲ್ಲದುದನ್ನೂ ಹೆಸರು ಹಿಡಿದು ಹೇಳಿರಿ. ವಜ್ರಜಂಘನ ಗುರುತು ಸಿಕ್ಕಿದ್ದು ಹಾಗೆಯೇ ಅಲ್ಲವೆ?